ಎರಡು ರೂಟರ್‌ಗೆ ಒಂದೇ ಗುರುತು: ದಾರಿ ತಪ್ಪುವ ಜಾಲ

ಹಾವೇರಿ: ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.’ ಬ್ಯಾಂಕು, ಕಚೇರಿ, ಮಾರುಕಟ್ಟೆ ಎನ್ನದೆ ಎಲ್ಲೆಡೆ ಕೇಳಿಬರುವ ಮಾತಿದು. ಪಹಣಿಗೆಂದು ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದರೆ ಇಂಥ ಸಂದರ್ಭಗಳಲ್ಲಿ ಸರ್ವರ್ ಸುಸ್ಥಿತಿಯಲ್ಲಿದ್ದು, ಅದನ್ನು ತಲುಪುವ ದಾರಿಯೇ ತಪ್ಪಿರುವುದೂ ಉಂಟು. ಅದಕ್ಕೆ ಇರುವ ಹಲವು ಕಾರಣಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದೆಂದರೆ, ಎರಡು ರೂಟರ್‌ಗಳು ಒಂದೇ ಗುರುತಿನ ಸಂಖ್ಯೆ ಹೊಂದಿರುವುದು.

ಗುರುತು ಏಕೆ ಬೇಕು?

ದತ್ತಾಂಶವನ್ನು ಒಂದು ಜಾಲದಿಂದ ಇನ್ನೊಂದಕ್ಕೆ ಸಾಗಿಸುವ ಸಾಧನವೇ ರೂಟರ್. ಯಾವ ದಾರಿ ಹತ್ತಿರದ್ದು ಎಂಬುದನ್ನು ರೂಟರ್‌ಗಳು ಪರಸ್ಪರ ಮಾತಾಡಿಕೊಂಡು ನಿರ್ಧರಿಸುತ್ತವೆ. ಈ ಮಾತುಕತೆಗೆ ಸಂಸ್ಥೆಗಳ ಆಂತರಿಕ ಜಾಲಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ನಿಯಮಾವಳಿ ‘ಓಪನ್ ಶಾರ್ಟೆಸ್ಟ್ ಪಾತ್ ಫಸ್ಟ್’, ಅಂದರೆ ಓಎಸ್‌ಪಿಎಫ್. ಇದರ ಎರಡನೆಯ ಆವೃತ್ತಿಯ ಪ್ರಮಾಣಿತ ರೂಪವನ್ನು ಜಾನ್ ಮೊಯ್ 1998ರಲ್ಲಿ ಪ್ರಕಟಿಸಿದರು. ಹತ್ತಿರದ ದಾರಿಯನ್ನು ಲೆಕ್ಕ ಹಾಕಲು ಇದು ಬಳಸುವುದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಸೂತ್ರವನ್ನು.

ಪ್ರತಿ ರೂಟರ್ ತನಗಿರುವ ಸಂಪರ್ಕಗಳ ವಿವರವನ್ನು ತನ್ನ ಗುರುತಿನ ಸಂಖ್ಯೆಯೊಡನೆ ಪ್ರಕಟಿಸುತ್ತದೆ. ಉಳಿದವು ಆ ಪ್ರಕಟಣೆಗಳನ್ನು ಕೂಡಿಸಿ ಇಡೀ ಜಾಲದ ನಕ್ಷೆ ರಚಿಸಿಕೊಳ್ಳುತ್ತವೆ. ಈ ಗುರುತೇ ‘ರೂಟರ್ ಐಡಿ’. ನೋಡಲು ಐಪಿ ವಿಳಾಸದಂತಿದ್ದರೂ ಅದು ಕೇವಲ 32 ಬಿಟ್‌ಗಳ ಒಂದು ಸಂಖ್ಯೆ.

ಇದನ್ನು ಅಂಚೆಯ ಪಿನ್ ಕೋಡ್‌ಗೆ ಹೋಲಿಸಬಹುದು. ಹಾವೇರಿಗೆ 581110, ಬ್ಯಾಡಗಿಗೆ 581106, ರಾಣೆಬೆನ್ನೂರಿಗೆ 581115. ಬ್ಯಾಡಗಿಗೂ ರಾಣೆಬೆನ್ನೂರಿನ ಸಂಖ್ಯೆಯನ್ನೇ ಕೊಟ್ಟರೆ ಪತ್ರಗಳ ಗತಿ ಏನಾದೀತೋ, ಜಾಲದಲ್ಲಿ ದತ್ತಾಂಶದ ಗತಿಯೂ ಅದೇ.

ನಕಲಿನಿಂದ ಬರುವ ತೊಡಕು

ಒಂದು ಸಂಸ್ಥೆಯ ಕೇಂದ್ರ ಕಚೇರಿ ಹಾವೇರಿಯಲ್ಲೂ, ಶಾಖೆಗಳು ರಾಣೆಬೆನ್ನೂರು ಮತ್ತು ಬ್ಯಾಡಗಿಯಲ್ಲೂ ಇವೆ ಎಂದು ಭಾವಿಸೋಣ. ಎರಡೂ ಶಾಖೆಗಳು ಹಾವೇರಿಯ ಮೂಲಕವೇ ಸಂಪರ್ಕ ಪಡೆಯುತ್ತವೆ. ರಾಣೆಬೆನ್ನೂರಿನ ರೂಟರ್‌ಗೆ 10.27.0.2 ಎಂಬ ಗುರುತು ನೀಡಲಾಗಿದೆ. ಸಮಯ ಉಳಿಸಲು ತಂತ್ರಜ್ಞರು ಅದೇ ಸಂರಚನೆಯನ್ನು ನಕಲು ಮಾಡಿ ಬ್ಯಾಡಗಿಯ ರೂಟರ್‌ಗೆ ಹಾಕುತ್ತಾರೆ. ವಿಳಾಸಗಳನ್ನು ಬದಲಿಸುತ್ತಾರೆ, ಗುರುತಿನ ಒಂದು ಸಾಲು ಮಾತ್ರ ಹಾಗೆಯೇ ಉಳಿಯುತ್ತದೆ.

ಅಲ್ಲಿಂದ ಗೊಂದಲ ಆರಂಭ. ಒಂದೇ ಹೆಸರಿನಲ್ಲಿ ಎರಡು ಪ್ರಕಟಣೆಗಳು ಬಂದಾಗ ಕ್ರಮಸಂಖ್ಯೆ ಹೆಚ್ಚಿರುವುದನ್ನು ಮಾತ್ರ ಉಳಿಸಿಕೊಳ್ಳಬೇಕೆಂಬುದು ನಿಯಮ. ತಾನು ಬರೆಯದ ಪ್ರಕಟಣೆ ತನ್ನ ಹೆಸರಿನಲ್ಲಿ ಓಡಾಡುತ್ತಿರುವುದನ್ನು ಕಂಡ ರಾಣೆಬೆನ್ನೂರಿನ ರೂಟರ್, ಇನ್ನೂ ಹೆಚ್ಚಿನ ಕ್ರಮಸಂಖ್ಯೆಯೊಡನೆ ಹೊಸದನ್ನು ಹೊರಡಿಸುತ್ತದೆ. ಬ್ಯಾಡಗಿಯದೂ ಅದನ್ನೇ ಮಾಡುತ್ತದೆ. ಈ ಹಗ್ಗಜಗ್ಗಾಟ ಕೆಲ ಸೆಕೆಂಡುಗಳಿಗೊಮ್ಮೆ ಮರುಕಳಿಸುತ್ತದೆ. ಪ್ರತಿ ಸಲವೂ ಹಾವೇರಿಯ ರೂಟರ್ ನಕ್ಷೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಒಂದು ಗಳಿಗೆ ಬ್ಯಾಡಗಿಗೆ ದಾರಿ ಇರುತ್ತದೆ, ಮರುಗಳಿಗೆ ಇರುವುದಿಲ್ಲ.

ತಂತಿ ಸರಿಯಿದೆ, ದೀಪ ಹಸಿರಾಗಿಯೇ ಇದೆ, ನೆರೆಯ ರೂಟರ್‌ನೊಡನೆ ಸಂಬಂಧವೂ ಪೂರ್ಣ ಎಂದೇ ತೋರುತ್ತದೆ. ದೋಷ ಪತ್ತೆ ಕಠಿಣವಾಗುವುದು ಈ ಕಾರಣಕ್ಕೆ. ಒಂದೇ ಗುರುತಿನ ಎರಡು ರೂಟರ್‌ಗಳು ನೇರವಾಗಿ ಜೋಡಣೆಯಾಗಿದ್ದರೆ ಅವುಗಳ ನಡುವೆ ಸಂಬಂಧವೇ ಏರ್ಪಡದು. ಆಗ ದೋಷ ಬೇಗನೆ ಸಿಕ್ಕಿಬೀಳುತ್ತದೆ.

ಪತ್ತೆ ಹೇಗೆ?

ಸಿಸ್ಕೊ ಮಾದರಿಯ ರೂಟರ್‌ಗಳಲ್ಲಿ ‘ಶೋ ಐಪಿ ಓಎಸ್‌ಪಿಎಫ್’ ಎಂಬ ಆದೇಶ ನೀಡಿದರೆ ಆರಂಭದಲ್ಲೇ ಗುರುತಿನ ಸಂಖ್ಯೆ ಕಾಣುತ್ತದೆ. ಎಲ್ಲ ಕಚೇರಿಗಳ ಸಂಖ್ಯೆಗಳನ್ನು ಬರೆದು ತಾಳೆ ನೋಡುವುದು ಮೊದಲ ಹೆಜ್ಜೆ. ಹಾವೇರಿಯಲ್ಲಿ ನೆರೆಯ ರೂಟರ್‌ಗಳ ಪಟ್ಟಿ ತೆಗೆದರೆ ಎರಡು ಸಾಲುಗಳಲ್ಲಿ ಒಂದೇ ಗುರುತು ಕಾಣಬಹುದು. ಇನ್ನೊಂದು ಸುಳಿವು ಲೆಕ್ಕದಲ್ಲಿದೆ: ಜಾಲದಲ್ಲಿ ಮೂರು ರೂಟರ್‌ಗಳಿದ್ದರೂ ದತ್ತಸಂಚಯದಲ್ಲಿ ಎರಡರ ಪ್ರಕಟಣೆ ಮಾತ್ರ ಇರುತ್ತದೆ. ಬದಲಾವಣೆ ಇಲ್ಲದ ಜಾಲದಲ್ಲಿ ಪ್ರಕಟಣೆ ನವೀಕರಣಗೊಳ್ಳುವುದು 30 ನಿಮಿಷಕ್ಕೊಮ್ಮೆ. ಕ್ರಮಸಂಖ್ಯೆ ಕೆಲ ಸೆಕೆಂಡುಗಳಲ್ಲೇ ಏರುತ್ತಿದ್ದರೆ ಅನುಮಾನ ಬಲವಾಗುತ್ತದೆ.

ಪರಿಹಾರವೇನು?

ಬ್ಯಾಡಗಿಯ ರೂಟರ್‌ಗೆ 10.27.0.3 ಎಂಬಂಥ ಬೇರೆ ಗುರುತು ನೀಡಿದರೆ ಸಾಕು. ಆದರೆ ಅನೇಕರು ಎಡವುವುದು ಇಲ್ಲೇ. ಹೊಸ ಸಂಖ್ಯೆ ಬರೆದ ಮಾತ್ರಕ್ಕೆ ಅದು ಜಾರಿಗೆ ಬಾರದು. ‘ಕ್ಲಿಯರ್ ಐಪಿ ಓಎಸ್‌ಪಿಎಫ್ ಪ್ರೊಸೆಸ್’ ಆದೇಶದ ಮೂಲಕ ಓಎಸ್‌ಪಿಎಫ್ ಪ್ರಕ್ರಿಯೆಯನ್ನು ಮರುಚಾಲನೆ ಮಾಡುವವರೆಗೆ ಹಳೆಯ ಗುರುತೇ ಮುಂದುವರಿಯುತ್ತದೆ. ಮರುಚಾಲನೆಯ ವೇಳೆ ಸಂಪರ್ಕ ಕೊಂಚ ಹೊತ್ತು ಕಡಿದುಹೋಗುವುದರಿಂದ ಕಚೇರಿ ವೇಳೆ ಮುಗಿದ ಬಳಿಕ ಈ ಕೆಲಸ ಕೈಗೊಳ್ಳುವುದು ಸೂಕ್ತ.

ಗುರುತನ್ನು ಕೈಯಾರೆ ನೀಡದಿದ್ದರೆ ರೂಟರ್ ತಾನೇ ಆರಿಸಿಕೊಳ್ಳುತ್ತದೆ. ಮೊದಲ ಆದ್ಯತೆ ಲೂಪ್‌ಬ್ಯಾಕ್ ವಿಳಾಸಗಳಲ್ಲಿ ದೊಡ್ಡದಕ್ಕೆ. ಅದಿಲ್ಲವಾದರೆ ಚಾಲ್ತಿಯಲ್ಲಿರುವ ಸಂಪರ್ಕಗಳ ವಿಳಾಸಗಳಲ್ಲಿ ದೊಡ್ಡದಕ್ಕೆ. ಹೀಗಾಗಿ ಹೊಸ ಸಂಪರ್ಕ ಜೋಡಿಸಿದ ಬಳಿಕ ವಿದ್ಯುತ್ ಹೋಗಿ ಬಂದರೂ ಗುರುತು ಬದಲಾದೀತು. ಐಪಿವಿ6 ಜಾಲಕ್ಕಾಗಿ 2008ರಲ್ಲಿ ಪ್ರಕಟವಾದ ಓಎಸ್‌ಪಿಎಫ್ ಆವೃತ್ತಿಯಲ್ಲೂ ಗುರುತು 32 ಬಿಟ್‌ಗಳದ್ದೇ. ರೂಟರ್‌ನಲ್ಲಿ ಐಪಿವಿ4 ವಿಳಾಸವೇ ಇಲ್ಲದಿದ್ದರೆ ಅದನ್ನು ಕೈಯಾರೆ ನೀಡುವುದು ಅನಿವಾರ್ಯ.

ರಾಜ್ಯ, ಜಿಲ್ಲೆ, ತಾಲ್ಲೂಕು ಎಂಬ ಮೂರು ಹಂತಗಳ ಸರ್ಕಾರಿ ಜಾಲಗಳ ಯೋಜನೆಗೆ ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ನೀಡಿತು. 2014ರಲ್ಲಿ ರಾಜ್ಯದ ಎಪಿಎಂಸಿಗಳನ್ನು ಒಂದುಗೂಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಪಹಣಿಯಿಂದ ಮೆಣಸಿನಕಾಯಿಯ ಇ-ಟೆಂಡರ್‌ವರೆಗೆ ತಾಲ್ಲೂಕಿನ ವ್ಯವಹಾರವೆಲ್ಲ ಇಂದು ಜಾಲವನ್ನು ನೆಚ್ಚಿಕೊಂಡಿದೆ. ಹೀಗಿರುವಾಗ ಯಾವ ಊರಿನ ರೂಟರ್‌ಗೆ ಯಾವ ಗುರುತು ಎಂಬ ಒಂದು ವಹಿಯನ್ನು ಪ್ರತಿ ಸಂಸ್ಥೆಯೂ ಇಟ್ಟುಕೊಳ್ಳುವುದು ಒಳಿತು. ಅದಕ್ಕೆ ತಗಲುವ ವೆಚ್ಚ ಒಂದು ನೋಟ್ ಪುಸ್ತಕದ್ದು. ಉಳಿಯುವುದು ಸರದಿಯಲ್ಲಿ ನಿಂತವರ ಒಂದು ದಿನದ ದುಡಿಮೆ.