ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹೃದಯದ ಚಿತ್ರವಿರುವ ಪುಟವನ್ನು ಮಕ್ಕಳು ವರ್ಷದಲ್ಲಿ ಎಷ್ಟು ಸಲ ನೋಡುತ್ತಾರೋ ಲೆಕ್ಕವಿಲ್ಲ. ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಎಲ್ಲವೂ ಕಣ್ಣಿಗೆ ಪರಿಚಿತ. ‘ಇದು ನನಗೆ ಬರುತ್ತೆ’ ಎಂದು ಪುಟ ಮಗುಚುತ್ತಾರೆ. ಅವರಲ್ಲೊಬ್ಬ ಹುಡುಗಿಯ ಮುಂದೆ ಖಾಲಿ ಹಾಳೆ ಇಟ್ಟು, ಶ್ವಾಸಕೋಶದಿಂದ ಬಂದ ರಕ್ತ ಮೊದಲು ಹೃದಯದ ಯಾವ ಕೋಣೆಗೆ ಸೇರುತ್ತದೆ, ಬಾಣದ ಗುರುತು ಹಾಕು ಎಂದರೆ ಪೆನ್ಸಿಲ್ ನಿಂತುಬಿಡುತ್ತದೆ. ಬುದ್ಧಿ ಕಡಿಮೆಯಾಗಿ ಹೀಗಾಗುವುದಿಲ್ಲ. ನೋಡಿದ್ದನ್ನು ಗುರುತು ಹಿಡಿಯುವುದು ಒಂದು ಕೆಲಸ, ಏನೂ ನೋಡದೆ ನೆನಪಿನಿಂದ ಎತ್ತಿ ತರುವುದು ಇನ್ನೊಂದು. ಪರೀಕ್ಷೆಯಲ್ಲಿ ಬೇಕಾಗುವುದು ಎರಡನೆಯದು. ಮನೆಯಲ್ಲಿ ಗಂಟೆಗಟ್ಟಲೆ ಕೂತು ಮಕ್ಕಳು ಅಭ್ಯಾಸ ಮಾಡುವುದು ಬಹುಪಾಲು ಮೊದಲನೆಯದನ್ನೇ.

ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದನ್ನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಅಳೆದು ತೋರಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು. ಉಳಿದ ಮೂರು ಅವಧಿಗಳಲ್ಲಿ ನೆನಪಿದ್ದಷ್ಟನ್ನು ನೋಡದೆ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಬರೀ ಓದಿದವರೇ ಮುಂದಿದ್ದರು: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಚಿತ್ರವೇ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ‘ಒಂದು ವಾರದ ನಂತರ ನಿಮಗೆಷ್ಟು ನೆನಪಿರಬಹುದು’ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆ ತೋರಿದ್ದವರು ನಾಲ್ಕು ಸಲ ಓದಿದವರೇ ಎಂಬುದು ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಮತ್ತೆ ಮತ್ತೆ ಓದುವಾಗ ಸಾಲುಗಳು ಸರಾಗವಾಗಿ ಸಾಗುತ್ತವೆ. ಆ ಸರಾಗವನ್ನೇ ನಾವು ಕಲಿಕೆ ಎಂದು ತಿಳಿಯುತ್ತೇವೆ. ನೆನಪಿಸಿಕೊಳ್ಳಲು ಒದ್ದಾಡುವ ಮಗುವಿಗೆ ತನಗೇನೂ ಬರುವುದಿಲ್ಲ ಎನಿಸುತ್ತದೆ. ನಿಜವಾಗಿ ಪಾಠ ಬೇರು ಬಿಡುವುದು ಆ ಒದ್ದಾಟದಲ್ಲೇ.

ನಮ್ಮ ಹಿಂದಿನವರ ಬಾಯಿಪಾಠವನ್ನು ಈಗ ಹಗುರವಾಗಿ ಕಾಣುವವರು ಇಲ್ಲೊಂದು ಅಂಶವನ್ನು ಗಮನಿಸಬೇಕು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಮಕ್ಕಳು ಮಗ್ಗಿ ಹೇಳುತ್ತಿದ್ದದ್ದು ಪುಸ್ತಕ ನೋಡಿಕೊಂಡಲ್ಲ. ಹದಿಮೂರರ ಮಗ್ಗಿ ಎಲ್ಲಿ ಕೈಕೊಡುತ್ತದೆ ಎಂಬುದು ಹೇಳುವವರಿಗೂ ಕೇಳುವವರಿಗೂ ಆ ಕ್ಷಣವೇ ಗೊತ್ತಾಗುತ್ತಿತ್ತು. ಅರ್ಥ ತಿಳಿಯದೆ ಉರು ಹೊಡೆಯುವುದು ಆ ಪದ್ಧತಿಯ ದೋಷ, ಅದನ್ನು ಬಿಟ್ಟದ್ದು ಸರಿ. ಪುಸ್ತಕ ಮುಚ್ಚಿ ಒಪ್ಪಿಸುವ ರೂಢಿಯನ್ನೂ ಅದರ ಜೊತೆಗೇ ಬಿಟ್ಟದ್ದು ದೊಡ್ಡ ನಷ್ಟ.

ಮರೆವಿನ ಬಗ್ಗೆ ಮೊದಲು ವ್ಯವಸ್ಥಿತವಾಗಿ ಅಳತೆ ಮಾಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಸಾವಿರಾರು ಉಚ್ಚಾರಗಳನ್ನು ತಾವೇ ಕಟ್ಟಿ, ತಮ್ಮ ಮೇಲೇ ಪ್ರಯೋಗ ಮಾಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಅಳೆದದ್ದು ಒಂದು ಪಟ್ಟಿಯನ್ನು ಎರಡನೇ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದನ್ನು. ಇಪ್ಪತ್ತು ನಿಮಿಷದ ನಂತರ ಶೇ 58ರಷ್ಟು ಉಳಿಯುತ್ತಿತ್ತು, ಒಂದು ದಿನದ ನಂತರ ಶೇ 34. ಆದರೆ ಒಂದು ತಿಂಗಳು ಕಳೆದರೂ ಶೇ 21 ಉಳಿದಿತ್ತು! ಮರೆವು ಮೊದಲ ದಿನ ಧಡಧಡನೆ ಇಳಿದು ಆಮೇಲೆ ನಿಧಾನವಾಗುತ್ತದೆ. ಜೂನ್‌ನಲ್ಲಿ ಓದಿದ್ದೆಲ್ಲ ಅಳಿಸಿಹೋಗಿದೆ ಎಂದು ಡಿಸೆಂಬರ್‌ನಲ್ಲಿ ಅಳುವ ಮಕ್ಕಳಿಗೆ ಈ ಕೊನೆಯ ಅಂಕಿಯನ್ನು ಹೇಳಬೇಕು. ಪೂರ್ತಿ ಮರೆತಂತೆ ಕಂಡದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ.

ಎಬ್ಬಿಂಗ್‌ಹೌಸ್ ಇನ್ನೊಂದನ್ನೂ ಕಂಡರು. ಒಂದು ಪಟ್ಟಿಯನ್ನು ಒಂದೇ ದಿನ 68 ಸಲ ಹೇಳಿಕೊಂಡದ್ದರಿಂದ ಆದ ಲಾಭ, ಅದನ್ನು ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡರೂ ಸಿಕ್ಕಿತು. ಏಕೆ ಹೀಗೆ ಎಂಬುದರ ಒಂದು ಸುಳಿವು ಬಂದದ್ದು ಸುಮಾರು ನೂರು ವರ್ಷಗಳ ನಂತರ, ಅಪ್ಲೀಸಿಯಾ ಎಂಬ ಕಡಲ ಮೃದ್ವಂಗಿಯಿಂದ. ಅದರ ನರಕೋಶಗಳು ತುಂಬ ದೊಡ್ಡವು, ಅಧ್ಯಯನಕ್ಕೆ ಅನುಕೂಲ. ಬಾಲಕ್ಕೆ ಒಮ್ಮೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ ಆ ಜೀವಿ ಸ್ವಲ್ಪ ಹೊತ್ತು ಮಾತ್ರ ಹೆದರಿಕೊಂಡಿರುತ್ತದೆ. ಬಿಡುವು ಕೊಟ್ಟು, ಹಲವು ದಿನಗಳಿಗೆ ಹಂಚಿ ಕೊಟ್ಟರೆ ವಾರಗಟ್ಟಲೆ ನೆನಪಿಡುತ್ತದೆ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರ ತಂಡ ತೋರಿಸಿದ್ದೇನೆಂದರೆ, ಅಲ್ಪಾವಧಿಯ ನೆನಪಿನಲ್ಲಿ ಇದ್ದ ಸಿನಾಪ್ಸ್‌ಗಳೇ, ಅಂದರೆ ನರಕೋಶಗಳ ನಡುವಿನ ಸಂಧಿಗಳೇ, ಸ್ವಲ್ಪ ಹೊತ್ತು ಬಲಗೊಳ್ಳುತ್ತವೆ. ದೀರ್ಘಕಾಲದ ನೆನಪಿಗೆ ಕೋಶದ ಕೇಂದ್ರದಲ್ಲಿ ಜೀನ್‌ಗಳು ಚಾಲೂ ಆಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು, ಹೊಸ ಸಿನಾಪ್ಸ್‌ಗಳು ಬೆಳೆಯಬೇಕು. ಕ್ಯಾಂಡೆಲ್‌ಗೆ 2000ದ ನೊಬೆಲ್ ಪ್ರಶಸ್ತಿಯ ಪಾಲು ಸಂದದ್ದು ಈ ಕೆಲಸಕ್ಕೆ. ನೆನಪು ಎಂಬುದು ಮಿದುಳಿನೊಳಗೆ ನಡೆಯುವ ನಿಜವಾದ ಕಟ್ಟೋಣ, ಅದಕ್ಕೆ ಕಾಲಾವಕಾಶ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಆ ಅವಕಾಶವೇ ಇರುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ಹೃದಯದ ಪಾಠವನ್ನೇ ತೆಗೆದುಕೊಳ್ಳೋಣ. ಒಮ್ಮೆ ಅರ್ಥವಾಗುವಂತೆ ನಿಧಾನವಾಗಿ ಓದಬೇಕು. ಪುಸ್ತಕ ಮುಚ್ಚಿ ಹಾಳೆಯಲ್ಲಿ ನಾಲ್ಕು ಕೋಣೆ ಬರೆದು, ರಕ್ತ ಹರಿಯುವ ದಾರಿಗೆ ಬಾಣ ಹಾಕಬೇಕು. ಸಿಕ್ಕಿಕೊಂಡರೆ ತಕ್ಷಣ ಪುಟ ತೆರೆಯದೆ ಸ್ವಲ್ಪ ತಡಕಾಡಬೇಕು. ಮುಗಿದ ಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಾನೇ ತಿದ್ದಬೇಕು. ತಿದ್ದುವುದನ್ನು ಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುವ ಅಪಾಯವಿದೆ. ಅಪಧಮನಿಗಳಲ್ಲೆಲ್ಲ ಆಮ್ಲಜನಕ ತುಂಬಿದ ರಕ್ತವೇ ಇರುತ್ತದೆ ಎಂದು ಬರೆದಿದ್ದರೆ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಅಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ ಒಂದು ‘ಏಕೆ’ ಕೇಳಿಕೊಳ್ಳಬೇಕು: ಎಡ ಹೃತ್ಕುಕ್ಷಿಯ ಗೋಡೆ ಏಕೆ ದಪ್ಪ? ಇಡೀ ದೇಹಕ್ಕೆ ರಕ್ತ ತಳ್ಳಬೇಕಾದ್ದು ಅದೇ ತಾನೆ. ಕಾರಣ ಗೊತ್ತಾದ ಮೇಲೆ ಆ ವಿವರವನ್ನು ಬೇರೆಯಾಗಿ ನೆನಪಿಡುವ ಕೆಲಸವೇ ಉಳಿಯುವುದಿಲ್ಲ.

ಇದೇ ಚಿತ್ರವನ್ನು ಮರುದಿನ, ಮತ್ತೆ ನಾಲ್ಕೈದು ದಿನ ಬಿಟ್ಟು, ಆಮೇಲೆ ಎರಡು ವಾರಕ್ಕೆ, ತಿಂಗಳಿಗೆ ಒಮ್ಮೆ ನೋಡದೆ ಬರೆದರೆ ಸಾಕು. ಒಂದೊಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ. ವ್ಯಾಖ್ಯೆ, ಸೂತ್ರ, ಇಸವಿಗಳಿಗೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1972ರಲ್ಲಿ ಹೇಳಿಕೊಟ್ಟ ಡಬ್ಬಿಯ ಉಪಾಯ ಬಲು ಸುಲಭ. ಮನೆಯಲ್ಲಿ ಬಿದ್ದಿರುವ ಮದುವೆ ಕರೆಯೋಲೆಗಳನ್ನು ಕತ್ತರಿಸಿ, ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆಯುವುದು. ಮೊದಲ ಡಬ್ಬಿಯ ಚೀಟಿಗಳನ್ನು ದಿನಾ ಕೇಳಿಕೊಳ್ಳಬೇಕು. ಸರಿ ಹೇಳಿದ ಚೀಟಿ ಮೂರು ದಿನಕ್ಕೊಮ್ಮೆ ನೋಡುವ ಎರಡನೇ ಡಬ್ಬಿಗೆ, ಅಲ್ಲಿಂದ ವಾರಕ್ಕೊಮ್ಮೆ ನೋಡುವ ಮೂರನೆಯದಕ್ಕೆ. ತಪ್ಪಿದ ಚೀಟಿ ಎಲ್ಲಿದ್ದರೂ ಮೊದಲ ಡಬ್ಬಿಗೆ ವಾಪಸ್. ಬರದೇ ಇರುವುದಕ್ಕೆ ಹೆಚ್ಚು ಸಮಯ ತಾನಾಗಿ ಸಿಗುತ್ತದೆ.

ಗಣಿತದಲ್ಲಿ ಇನ್ನೊಂದು ಎಚ್ಚರ ಬೇಕು. ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಸಾಲಾಗಿ ಮಾಡುವಾಗ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಲಿತರು. ಅಭ್ಯಾಸದ ವೇಳೆ, ಒಂದೊಂದೇ ಬಗೆಯನ್ನು ಮುಗಿಸುತ್ತ ಹೋದವರು ಶೇ 89ರಷ್ಟು ಸರಿ ಮಾಡಿದರು, ಕಲಸಿ ಮಾಡಿದವರು ಶೇ 60. ವಾರದ ನಂತರ ಮೊದಲ ಗುಂಪಿನವರು ಶೇ 20ಕ್ಕೆ ಕುಸಿದರು, ಕಲಸಿದವರು ಶೇ 63ರಲ್ಲಿ ನಿಂತರು. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿಯ ಲೆಕ್ಕಗಳನ್ನು ಒಂದೇ ಕೂತಿನಲ್ಲಿ ಬೆರೆಸಿ ಮಾಡುವುದು ಕಷ್ಟ ಎನಿಸುತ್ತದೆ ನಿಜ, ಆದರೆ ಪ್ರಶ್ನೆಪತ್ರಿಕೆ ಬರುವುದೇ ಹಾಗೆ ಬೆರೆತು.

ಇನ್ನು ನೆನಪಿನ ಸೂತ್ರಗಳು. ಕನ್ನಡ ಛಂದಸ್ಸಿನ ಪಾಠದಲ್ಲಿ ಎಲ್ಲರೂ ಕಲಿಯುವ ‘ಯಮಾತಾರಾಜಭಾನಸಲಗಂ’ ಇವುಗಳಲ್ಲೆಲ್ಲ ಜಾಣತನದ್ದು ಎಂದು ನನ್ನ ಅಭಿಪ್ರಾಯ. ಯ ಗಣ ಬೇಕಾದರೆ ಯ ಅಕ್ಷರದಿಂದ ಮೂರು ಎಣಿಸಬೇಕು: ಯ-ಮಾ-ತಾ, ಒಂದು ಲಘು, ಎರಡು ಗುರು. ರ ಗಣಕ್ಕೆ ರಾ-ಜ-ಭಾ: ಗುರು, ಲಘು, ಗುರು. ಎಂಟು ಗಣಗಳ ಇಪ್ಪತ್ನಾಲ್ಕು ಗುರು-ಲಘುಗಳು ಹತ್ತೇ ಅಕ್ಷರಗಳಲ್ಲಿ ಅಡಗಿವೆ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಕೆಲವೇ ಸಂಗತಿಗಳನ್ನು. ಬಿಡಿಯಾದದ್ದನ್ನು ಹೀಗೆ ಒಂದು ಗೊಂಚಲು ಮಾಡಿದಾಗ ಹೊರೆ ಇಳಿಯುತ್ತದೆ. ಆದರೆ ಇಂಥ ಸೂತ್ರಗಳಿಗೆ ಮಿತಿಯಿದೆ. ಕಾಮನಬಿಲ್ಲಿನ ಬಣ್ಣಗಳ ಕ್ರಮವನ್ನು ‘ವಿಬ್‌ಗಯಾರ್’ ಕೊಡುತ್ತದೆ. ಪಟ್ಟಕದಲ್ಲಿ ನೇರಳೆ ಏಕೆ ಹೆಚ್ಚು ಬಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಪಟ್ಟಿ, ಕ್ರಮ, ಹೆಸರುಗಳಿಗೆ ಇವನ್ನು ಇಟ್ಟುಕೊಂಡು ಉಳಿದದ್ದಕ್ಕೆ ಪಾಠವನ್ನೇ ನಂಬುವುದು ಒಳ್ಳೆಯದು.

ಬಣ್ಣದ ಹೈಲೈಟರ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದಿನ ವಿಧಾನಗಳನ್ನು ತೂಗಿ ನೋಡಿದಾಗ ಗೆರೆ ಎಳೆಯುವುದೂ ಮರುಓದೂ ಕೆಳಗಿನ ಸಾಲಿನಲ್ಲಿ ಉಳಿದವು. ಮೇಲಿನ ಸಾಲು ಸಿಕ್ಕಿದ್ದು ಸ್ವಯಂಪರೀಕ್ಷೆಗೆ ಮತ್ತು ದಿನಗಳಿಗೆ ಹಂಚಿ ಓದುವುದಕ್ಕೆ. ನಿದ್ದೆಯ ಮಾತು ಮಾತ್ರ ಗಂಭೀರ. ಕಲಿತು ಮಲಗಿದವರಿಗೆ, ಕಲಿತು ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿರುತ್ತದೆ ಎಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದರು. ಓದಿದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ ಎಂಬುದಕ್ಕೆ ಆಮೇಲೆ ಬೇಕಾದಷ್ಟು ಪುರಾವೆ ಸಿಕ್ಕಿದೆ. ಮಾರ್ಚ್ ಬಂತೆಂದು ಮಕ್ಕಳ ನಿದ್ದೆಗೆ ಕತ್ತರಿ ಹಾಕುವ ಪೋಷಕರು ಓದಿದ್ದಕ್ಕೇ ಕತ್ತರಿ ಹಾಕುತ್ತಿದ್ದಾರೆ.

ಇದನ್ನೆಲ್ಲ ಮಕ್ಕಳ ಹೆಗಲಿಗೇ ಹಾಕುವುದು ಸರಿಯಲ್ಲ. ರೋಡಿಗರ್, ಪೂಜಾ ಅಗರ್ವಾಲ್ ಮತ್ತು ಜೊತೆಗಾರರು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಶಾಲೆಯಲ್ಲಿ ಆರನೇ ತರಗತಿಯ ಸಮಾಜ ಪಾಠದ ನಡುವೆ ಚಿಕ್ಕ ಚಿಕ್ಕ ಪ್ರಶ್ನೆಗಳನ್ನು ಕೇಳಿ, ಅಲ್ಲೇ ಸರಿಯುತ್ತರ ಹೇಳುತ್ತ ಬಂದರು. ಹಾಗೆ ಕೇಳಿದ್ದ ಭಾಗಗಳಲ್ಲಿ ಮಕ್ಕಳು ಪಾಠದ ಪರೀಕ್ಷೆಯಲ್ಲೂ ಸೆಮಿಸ್ಟರ್ ಕೊನೆಯಲ್ಲೂ ಮೇಲುಗೈ ತೋರಿದರು. ಅದನ್ನು ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ ಮಾಡಲು ಒಂದು ಕರಿಹಲಗೆ ಸಾಕು. ಪೀರಿಯಡ್ ಶುರುವಾದ ಕೂಡಲೇ ನಿನ್ನೆಯದರಿಂದ ಒಂದು, ಹೋದ ವಾರದ್ದರಿಂದ ಒಂದು, ಹೋದ ತಿಂಗಳಿನದರಿಂದ ಒಂದು ಪ್ರಶ್ನೆ ಬರೆದು, ಎಲ್ಲರೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಉತ್ತರಿಸಲಿ. ಅದಕ್ಕೆ ಅಂಕ ಹಾಕಬಾರದು, ತಪ್ಪಿದವರನ್ನು ಎದ್ದು ನಿಲ್ಲಿಸಬಾರದು. ಉತ್ತರ ಹೇಳಿ, ಅವರವರೇ ತಿದ್ದಿಕೊಂಡ ಮೇಲೆ ಅಂದಿನ ಪಾಠಕ್ಕೆ ಹೋಗಬಹುದು.