ಹುಟ್ಟಿದ ಮನೆ ಬದಲಾದರೆ ಕಥೆಯೂ ಬದಲಾಗುತ್ತದೆಯೇ?

ರೋಲ್ ಪ್ಲೇಯಿಂಗ್ ಗೇಮ್ ಶುರು ಮಾಡಿದ ಕೂಡಲೇ ನಮ್ಮ ಪಾತ್ರದ ಮುಖ, ಕೂದಲು, ಆಯುಧ ಎಲ್ಲ ಆರಿಸಬೇಕು. ಜೊತೆಗೆ ‘ಹಿನ್ನೆಲೆ’ಯೂ ಇರುತ್ತದೆ: ಈ ಪಾತ್ರ ಎಲ್ಲಿ ಹುಟ್ಟಿತು, ಯಾರ ಮಗ, ಯಾರ ಮಗಳು. ತುಂಬಾ ಜನ ಅದನ್ನು ಓದದೆ ಮುಂದೆ ಹೋಗುತ್ತಾರೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಅದು ಆರಂಭಿಕ ಶಿಲ್ಕು. ಅದನ್ನು ಬಿಟ್ಟರೆ ಉಳಿದ ನಮೂದುಗಳೆಲ್ಲ ಸರಿಯಿದ್ದರೂ ಲೆಕ್ಕ ತಾಳೆಯಾಗುವುದಿಲ್ಲ.

ಇದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ ಕೆನಡಾದ ಬಯೋವೇರ್ ಕಂಪನಿ 2009ರಲ್ಲಿ ತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’. (ಇದು ದೊಡ್ಡವರ ಆಟ. ನಮ್ಮ ಖಾಲಾ ಅವರ ಮಗ ಭಾಯಿಜಾನ್ ಆಡುವಾಗ ನಾನು ಪಕ್ಕದಲ್ಲಿ ಕೂತು ನೋಡಿದ್ದು.) ಇದರಲ್ಲಿ ಆರು ಬೇರೆ ಬೇರೆ ಆರಂಭಗಳಿವೆ. ಒಂದೆರಡು ಗಂಟೆಯಲ್ಲಿ ಅವು ಮುಗಿದು ಎಲ್ಲರೂ ಒಂದೇ ಮುಖ್ಯ ಕಥೆಗೆ ಬಂದು ಸೇರುತ್ತಾರೆ. ಹಾಗಾದರೆ ಆರು ಆರಂಭ ಬರೆದ ಶ್ರಮ ದಂಡವೇ?

ಅಲ್ಲ. ಕಥೆಯ ನಡುವೆ ಒರ್ಜಾಮರ್ ಎಂಬ ಕುಳ್ಳರ ನೆಲದಡಿಯ ನಗರ ಬರುತ್ತದೆ. ಅಲ್ಲಿ ರಾಜ ಸತ್ತಿದ್ದಾನೆ. ಯುದ್ಧಕ್ಕೆ ಅವರ ಸೇನೆ ಬೇಕಾದರೆ ಬೇಲನ್, ಹ್ಯಾರೋಮಾಂಟ್ ಇಬ್ಬರಲ್ಲಿ ಒಬ್ಬನನ್ನು ನಾವು ಸಿಂಹಾಸನಕ್ಕೆ ಏರಿಸಬೇಕು. ಆಯ್ಕೆ ಎಲ್ಲರಿಗೂ ಒಂದೇ. ಆದರೆ ನೀವು ರಾಜನ ಮಗನಾಗಿ ಆಟ ಶುರು ಮಾಡಿದ್ದರೆ ಬೇಲನ್ ನಿಮ್ಮ ಸ್ವಂತ ತಮ್ಮ. ಅಣ್ಣನ ಕೊಲೆಯನ್ನು ನಿಮ್ಮ ತಲೆಗೆ ಕಟ್ಟಿ ಊರಿನಿಂದ ಹೊರಗೆ ಹಾಕಿಸಿದವನು.

ಇನ್ನೊಂದು ಆರಂಭದಲ್ಲಿ ನೀವು ಅದೇ ನಗರದ ಕೊಳೆಗೇರಿಯವರು. ಯಾವ ಜಾತಿಗೂ ಸೇರದವರು ಎಂದು ಮುಖದ ಮೇಲೇ ಗುರುತು ಹಾಕಿರುತ್ತಾರೆ. ನಮ್ಮ ಮನೆಗೆ ಯಾರಾದರೂ ಹೊಸಬರು ಬಂದರೆ ದಾದಿ ಹೆಸರಿಗಿಂತ ಮೊದಲು ‘ಯಾರ ಮನೆಯವರು’ ಎಂದು ಕೇಳುತ್ತಾರೆ. ಒರ್ಜಾಮರ್‌ನಲ್ಲಿ ಕೇಳುವ ಅಗತ್ಯವೇ ಇಲ್ಲ, ಮುಖ ನೋಡಿದರೆ ಸಾಕು. ಈ ದಾರಿಯಲ್ಲಿ ಬಂದವರಿಗೆ ಬೇಲನ್ ಬೇರೆಯೇ ಮನುಷ್ಯ. ನಿಮ್ಮ ಅಕ್ಕ ರಿಕಾ ಅವನ ಅರಮನೆಯಲ್ಲಿದ್ದಾಳೆ, ಅವನ ಮಗುವಿನ ತಾಯಿ.

ಕಥೆಗಾರರ ಜಾಣತನ ಇಲ್ಲಿದೆ. ಇಡೀ ಆಟವನ್ನು ಆರು ಸಲ ಬರೆದಿಲ್ಲ, ಅಷ್ಟು ಖರ್ಚು ಯಾರಿಗೂ ಆಗದು. ಕೆಲವು ಮಾತು ಮಾತ್ರ ಬದಲಾಗುತ್ತವೆ, ಉಳಿದ ಕೆಲಸವನ್ನು ಆಡುವವರ ನೆನಪೇ ಮಾಡುತ್ತದೆ. 2020ರ ‘ಸೈಬರ್‌ಪಂಕ್ 2077’ರಲ್ಲಿ ಮೂರು ಹಿನ್ನೆಲೆಗಳಿವೆ. ಬೇಗನೆ ಅವು ಒಂದಾಗಿಬಿಡುತ್ತವೆ, ಆಮೇಲೆ ಹೆಚ್ಚಾಗಿ ಅಲ್ಲಲ್ಲಿ ಒಂದೊಂದು ಹೆಚ್ಚಿನ ಮಾತು ಸಿಗುತ್ತದೆ ಅಷ್ಟೇ. ನನಗೆ ಅದು ಬರೀ ಅಲಂಕಾರ ಅನ್ನಿಸಿತು.

ಒರ್ಜಾಮರ್‌ನಲ್ಲಿ ಇನ್ನೊಂದು ತೊಡಕಿದೆ. (ಕೊನೆ ಗೊತ್ತಾಗಬಾರದು ಎನ್ನುವವರು ಇಲ್ಲಿಗೆ ನಿಲ್ಲಿಸಿ.) ಬೇಲನ್ ಮೋಸಗಾರ, ಆದರೆ ರಾಜನಾದ ಮೇಲೆ ಜಾತಿಯಿಲ್ಲದವರ ಕಟ್ಟುಪಾಡು ಸಡಿಲಿಸುತ್ತಾನೆ. ಹ್ಯಾರೋಮಾಂಟ್ ಮರ್ಯಾದಸ್ಥ, ಆದರೆ ಅವನ ಆಳ್ವಿಕೆಯಲ್ಲಿ ಆ ಕಟ್ಟುಪಾಡು ಇನ್ನೂ ಬಿಗಿಯಾಗುತ್ತದೆ. ಕೊಳೆಗೇರಿಯವನಾಗಿ ಆಡಿದಾಗ ಭಾಯಿಜಾನ್ ಬೇಲನ್‌ಗೆ ಕಿರೀಟ ಕೊಟ್ಟರು. ರಾಜಕುಮಾರನಾಗಿ ಆಡಿದಾಗ ಕೊಡಲು ಮನಸ್ಸು ಬರಲಿಲ್ಲ, ಕೊಳೆಗೇರಿಯವರ ಗತಿ ಏನಾಗುತ್ತದೆಂದು ಗೊತ್ತಿದ್ದರೂ. ಮೂರನೇ ಸಲ ಮಾಂತ್ರಿಕನಾಗಿ ಶುರು ಮಾಡಿದರು. ಆಗ ಒರ್ಜಾಮರ್‌ನಲ್ಲಿ ಹೆಚ್ಚು ಹೊತ್ತು ಯೋಚಿಸಲೇ ಇಲ್ಲ. ಸೇನೆ ಸಿಕ್ಕಿತು, ಹೊರಟುಬಿಟ್ಟರು.