ನೆನೆಗುದಿಗೆ ಬಿದ್ದದ್ದು ಫೈಲೋ, ಮನುಷ್ಯನೋ?

ಬಸ್ಸು ಹತ್ತು ನಿಮಿಷ ಲೇಟಾಗಿ ಬಂದರೆ ಅದು ತಡ. ಉದ್ರಿ ಒಯ್ದ ಗಿರಾಕಿ "ಸೋಮವಾರ ಕೊಡ್ತೀನ್ರಿ" ಅಂದರೆ ಅದು ವಾಯಿದೆ. ಎರಡಕ್ಕೂ ಒಂದು ಕೊನೆಯುಂಟು. ಆದರೆ ಕಚೇರಿಯಲ್ಲಿ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ, ನೋಡೋಣು" ಎಂದರೆ? ಕೆಲಸ ಆಯಿತು ಎನ್ನುವಂತಿಲ್ಲ, ಆಗುವುದಿಲ್ಲ ಎಂದು ಕೈಬಿಡುವಂತೆಯೂ ಇಲ್ಲ. ಈ ತ್ರಿಶಂಕು ಸ್ಥಿತಿಗೆ ಕನ್ನಡದಲ್ಲಿರುವ ಹೆಸರು ನೆನೆಗುದಿ.

ಕೆಲವರು ನನೆಗುದಿ ಎಂದೂ ಬರೆಯುತ್ತಾರೆ. ನೀರಲ್ಲಿ ನೆನೆಹಾಕಿದ ಕಡಲೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ನೆನೆ ಎಂದರೆ ನೆನಪು ಮಾಡಿಕೊಳ್ಳುವುದು. ಕುದಿ ಎಂದರೆ ಒಳಗಿನ ತಳಮಳ, ಹೊಟ್ಟೆಕುದಿಯಲ್ಲಿರುವ ಅದೇ ಕುದಿ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ನೆನೆ, ಕುದಿ ಸೇರಿ ನೆನೆಗುದಿ. ನೆನೆನೆನೆದು ಕುದಿಯುವುದು ಎಂದರ್ಥ.

ಈಗ ಲೆಕ್ಕ ಹಾಕಿ. ಫೈಲಿಗೆ ನೆನಪೂ ಇಲ್ಲ, ಕುದಿಯೂ ಇಲ್ಲ. ಅದು ಕಪಾಟಿನಲ್ಲಿ ತಣ್ಣಗೆ ಮಲಗಿರುತ್ತದೆ. ಕುದಿಯುವವನು ಅರ್ಜಿ ಕೊಟ್ಟು ಬಂದವನು. "ಕಡತ ನೆನೆಗುದಿಗೆ ಬಿದ್ದಿದೆ" ಎನ್ನುವಾಗ ಈ ಮನುಷ್ಯನೇ ಮರೆತುಹೋಗುತ್ತಾನೆ.

ನರಗುಂದ, ನವಲಗುಂದದ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮಹದಾಯಿ ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ. ಕಳಸಾ-ಬಂಡೂರಿಗಾಗಿ ರೈತರು 2015ರಲ್ಲಿ ಧರಣಿ ಕೂತರು. ತೀರ್ಪು ಬಂದದ್ದು 2018ರ ಆಗಸ್ಟಿನಲ್ಲಿ. ರಾಜ್ಯದ ಪಾಲು 13.42 ಟಿಎಂಸಿ. ಆ ತೀರ್ಪು ಗೆಜೆಟ್ ಸೇರಲು 2020ರ ಫೆಬ್ರವರಿ ಬೇಕಾಯಿತು. ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಪ್ರತಿ ಮಳೆಗಾಲದಲ್ಲೂ ಮುಗಿಲು ನೋಡಿ ಕುದಿದವರು ಅವರು.

ಸಣ್ಣ ಕೆಲಸಗಳ ಮಟ್ಟಿಗಾದರೂ ಇದಕ್ಕೆ ಒಂದು ಮದ್ದು ಬಂತು. 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಸಕಾಲ ಜಾರಿಯಾಯಿತು. ಪಟ್ಟಿಯಲ್ಲಿರುವ ಸೇವೆಗೆಲ್ಲ ಇಂತಿಷ್ಟು ದಿನ ಎಂದು ಗಡುವು ಇಟ್ಟರು. ಮೀರಿದರೆ ಮೇಲ್ಮನವಿ ಉಂಟು. ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರಕ್ಕೂ ಕಾಯ್ದೆಯಲ್ಲಿ ಜಾಗವಿದೆ.

ಇಪ್ಪತ್ತು ರೂಪಾಯಿಯಲ್ಲಿ ಊರಿಂದ ಕಚೇರಿಗೆ ಬಂದುಹೋಗುವ ಖರ್ಚೂ ಗಿಟ್ಟಲಿಕ್ಕಿಲ್ಲ. ಆದರೂ ಕಾಯುವವನ ಒಂದು ದಿನಕ್ಕೂ ಬೆಲೆಯುಂಟೆಂದು ಸರ್ಕಾರವೇ ಬರೆದುಕೊಟ್ಟಂತಾಯಿತು. ಆದ್ದರಿಂದ ಅರ್ಜಿ ಕೊಟ್ಟವರು ನಂಬರು, ತಾರೀಖು ಇರುವ ಸ್ವೀಕೃತಿ ಚೀಟಿ ಕೇಳಿ ಇಸಿದುಕೊಂಡೇ ಮೆಟ್ಟಿಲಿಳಿಯಬೇಕು. "ನಾಳೆ ಬರ್ರಿ" ಅಂದವರಿಗೆ ತೋರಿಸಲು ಕೈಯಲ್ಲೊಂದು ತಾರೀಖು ಇರಲಿ.